ಚೆನ್ನಾಜಿಯ ಎರಡನೇ ಹೆಸರು

ನನಗೆ ಗೊತ್ತಿತ್ತು. ಚೆನ್ನಾಜಮ್ಮನ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು, ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ಹೋದವರನ್ನು ದುಬೈನವರು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ಹೇಳಲಿಲ್ಲ. ಮರೆತೆ ಎಂದಲ್ಲ — ಮರೆತಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಪಾಸ್‌ಪೋರ್ಟ್ ನನ್ನ ಕೈಯಲ್ಲೇ ಇತ್ತು. ಕನ್ನಡಕ ಹಾಕಿಕೊಂಡೇ ನೋಡಿದೆ. ನೋಡಿ, ಮಡಚಿ, ವಾಪಸು ಕೊಟ್ಟೆ.

ಚೆನ್ನಾಜಿ ನನ್ನ ಹಾಸ್ಟೆಲ್ ದಿನಗಳ ಗೆಳತಿ. ನಾನು ಕುದೇರಿನವಳು, ಅವಳು ಗುಂಡ್ಲುಪೇಟೆಯ ಪಕ್ಕದವಳು. ಹೈಸ್ಕೂಲಿನಲ್ಲಿ ಒಂದೇ ಟ್ರಂಕಿನಲ್ಲಿ ಇಬ್ಬರ ಬಟ್ಟೆ ಇಡುತ್ತಿದ್ದೆವು. ಆಮೇಲೆ ನಾನು ಚಾಮರಾಜನಗರದಲ್ಲಿ ಸರ್ಕಾರಿ ಗುಮಾಸ್ತೆಯಾದೆ. ಅವಳು ಹೆದ್ದಾರಿ ಪಕ್ಕದ ತನ್ನ ತುಂಡು ನೆಲದಲ್ಲಿ ಚೆಂಡುಹೂವು ಬೆಳೆಯತೊಡಗಿದಳು. ಆ ಹೂವು ಮುಡಿಯುವುದಕ್ಕಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ. ಅರಳಿದ್ದೇ ತಡ, ಕಿತ್ತು ಚೀಲಕ್ಕೆ ತುರುಕಬೇಕು. ಅವಳು ಬಗ್ಗಿ ಹೂವು ಕೀಳುತ್ತಿದ್ದರೆ ಬಂಡೀಪುರ, ಊಟಿ ಕಡೆಗೆ ಹೋಗುವ ಕಾರುಗಳು ನಿಲ್ಲುತ್ತವೆ, ಜನ ಇಳಿದು ಹೊಲಕ್ಕೆ ನುಗ್ಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಒಮ್ಮೆ ನಾನೂ ಅಲ್ಲಿದ್ದೆ. ಅವರೆಲ್ಲ ಹೋದ ಮೇಲೆ ಚೆನ್ನಾಜಿ ಸೊಂಟಕ್ಕೆ ಕೈಯಿಟ್ಟು ನಿಂತು ಹೇಳಿದ್ದು ಇದು.

"ಎಲ್ಲೆಲ್ಲಿಂದ್ಲೋ ಬಂದು ನಮ್ ಊವ ನೋಡ್ತಾರ ಕಣಮ್ಮಿ. ನಾನು ಯಾರ್ ಊವ ನೋಡ್ಲಿ?"

ಆಗ ನಾನೇ ಫೋನಿನಲ್ಲಿ ದುಬೈನ ಹೂದೋಟ ತೋರಿಸಿದೆ. ಮರಳುಗಾಡಿನಲ್ಲಿ ನೀರು ಕುಡಿಸಿ ಬೆಳೆಸಿದ ಹೂವು. ಯಾರೂ ಕೀಳುವುದಿಲ್ಲ, ಕಿತ್ತರೆ ದಂಡ. ಅವಳು ಆ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. "ಕೀಳ್ದೆ ಬುಟ್ಟಾರಾ? ಹಂಗೇ ಬುಟ್ಟಾರಾ?" ಎಂದಳು. ಅವತ್ತಿನಿಂದ ಹಿಡಿಯಿತು ಅವಳಿಗೆ ದುಬೈ ಹುಚ್ಚು. ಹಿಡಿಸಿದವಳು ನಾನು.

ನನಗೆ ಇದರಲ್ಲಿ ಸ್ವಲ್ಪ ಹೆಸರಿತ್ತು ಎನ್ನಬೇಕು. ಅದಕ್ಕೆ ಮುಂಚೆ ನಾನು ಏಜೆಂಟರ ಹಂಗಿಲ್ಲದೆ ಒಬ್ಬಳೇ ಶ್ರೀಲಂಕಾಕ್ಕೆ ಹೋಗಿ ಬಂದಿದ್ದೆ. ನಮ್ಮ ಕಡೆ ಅದು ಸಣ್ಣ ಸುದ್ದಿಯಲ್ಲ. ಬಂದ ಮೇಲೆ ಹೆಂಗಸರೆಲ್ಲ ಕೇಳುವುದಕ್ಕೆ ಶುರು ಮಾಡಿದರು. ನಾನು 'ಹೋಗ್ಬರನ' ಅಂತ ಒಂದು ವಾಟ್ಸಾಪ್ ಗುಂಪು ಕಟ್ಟಿದೆ. ಅದರಲ್ಲಿ ಬರುತ್ತಿದ್ದ ಪ್ರಶ್ನೆಗಳೋ! ಅಲ್ಲಿ ರಾಗಿಹಿಟ್ಟು ಸಿಗ್ತದಾ? ವಿಮಾನದೊಳಕ್ಕ ಉಪ್ಪಿನಕಾಯಿ ಬುಟ್ಟಾರಾ? ಪೊಲೀಸ್ನೋರು ಕೇಳುದ್ರ ಕನ್ನಡದಲ್ಲೇ ಯೋಳ್ಬೋದಾ? ನಾನು ಒಂದೊಂದಕ್ಕೂ ಉದ್ದುದ್ದ ಉತ್ತರ ಕೊಡುತ್ತಿದ್ದೆ. ಆಫೀಸಿನಲ್ಲಿ ಫೈಲು ಬಾಕಿ ಇದ್ದರೂ ಈ ಉತ್ತರ ಬಾಕಿ ಇರುತ್ತಿರಲಿಲ್ಲ. ಜಂಭ ಇತ್ತು, ಇಲ್ಲವೆನ್ನಲಾರೆ.

ಚೆನ್ನಾಜಿಯ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದವಳೂ ನಾನೇ. ಸೈಬರ್ ಅಂಗಡಿಯವನು "ಸರ್‌ನೇಮ್ ಏನಮ್ಮಾ, ಅಪ್ಪನ ಹೆಸ್ರಾ, ಗಂಡನ ಹೆಸ್ರಾ?" ಎಂದು ಕೇಳಿದ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

"ಅಪ್ಪ ಕೇಳ್ದೆ ಮಾಡ್ದೆ ಒಬ್ಬನ್ಗ ಕೊಟ್ಬುಟ್ಟ. ಅವ ನನ್ನ ಬುಟ್ಬುಟ್ಟು ಇನ್ನೊಬ್ಬಳ್ನ ಕಟ್ಕಂಡ. ಇಬ್ರ ಎಸ್ರೂ ಬ್ಯಾಡ ಕಣಪ್ಪ. ನಾನು ಚೆನ್ನಾಜಮ್ಮ. ಅಷ್ಟೇ ಬರಿ."

ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ನನ್ನ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಹಿಂದೆ ಅಂಟಿಕೊಂಡಿತ್ತು. ಅಂಟಿಸಬೇಕೋ ಬೇಡವೋ ಎಂದು ನಾನು ಯೋಚಿಸಿಯೂ ಇರಲಿಲ್ಲ. "ಖಾಲಿ ಬಿಡಿ, ನಡೆಯುತ್ತೆ" ಎಂದು ಅಂಗಡಿಯವನಿಗೆ ಹೇಳಿದೆ. ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನನ್ನ ತಪ್ಪಿಲ್ಲ. ಅಲ್ಲಿಯವರೆಗೆ ಮಾತ್ರ.

ಗೊತ್ತಾದದ್ದು ಮುಂದಿನ ವರ್ಷ. ಹೂದೋಟ ಬೇಸಿಗೆಯಲ್ಲಿ ಮುಚ್ಚುತ್ತಾರೆ, ಚಳಿಗಾಲದಲ್ಲಿ ಹೋಗೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಒಬ್ಬರಿಗೊಬ್ಬರು ಸಲಹೆ ಕೊಡುವ ಒಂದು ಜಾಲತಾಣದಲ್ಲಿ ನಾನು, ಗೆಳತಿಯ ಜೊತೆ ಹೋಗುವವಳಿದ್ದೇನೆ ಎಂದು ಬರೆದು ವೀಸಾ ಬಗ್ಗೆ ಕೇಳಿದೆ. ಯಾರೋ ಒಬ್ಬಳು — ಯಾವ ಊರೋ, ಯಾವ ಜನವೋ — ನಾನು ಕೇಳದ ಒಂದು ವಿಷಯವನ್ನೂ ಸೇರಿಸಿ ಬರೆದಳು. ನಿಮ್ಮ ಕಡೆ ಬಹಳ ಜನಕ್ಕೆ ಒಂದೇ ಹೆಸರಿರುತ್ತದೆ, ಅಂಥ ಪಾಸ್‌ಪೋರ್ಟನ್ನು ಈಗ ಅಲ್ಲಿ ಒಪ್ಪುತ್ತಿಲ್ಲ, ನಿಮ್ಮ ಗೆಳತಿಯದು ಹಾಗಿದ್ದರೆ ಮೊದಲು ಸರಿ ಮಾಡಿಸಿ, ಪಾಪ, ವಿಮಾನ ನಿಲ್ದಾಣದಿಂದ ವಾಪಸು ಬರುವ ಹಾಗಾಗಬಾರದು. ಆ 'ಪಾಪ' ಎಂಬ ಮಾತನ್ನು ಅವಳು ಮುಖ ನೋಡದ ಚೆನ್ನಾಜಿಗಾಗಿ ಬರೆದಿದ್ದಳು.

ಭಾನುವಾರ ಹೋಗಿ ಹೇಳೋಣ ಎಂದುಕೊಂಡೆ. ಫೋನಿನಲ್ಲಿ ಹೇಳಿದರೆ ಅವಳು ರೇಗುತ್ತಾಳೆ, ಯಾರದಾದರೂ ಹೆಸರು ಸೇರಿಸಬೇಕೆಂದರೆ ಜಗಳಕ್ಕೇ ಬರುತ್ತಾಳೆ, ಎದುರಿಗೆ ಕೂತು ಸಮಾಧಾನ ಮಾಡಬೇಕು ಅಂತ. ಅಷ್ಟರಲ್ಲಿ ಗುಂಪಿನ ಹೆಂಗಸೊಬ್ಬಳು ಫೋನು ಮಾಡಿದಳು. "ಚೆನ್ನಾಜಕ್ಕ, ಲೀಲಕ್ಕ ಇಬ್ರೂ ದುಬೈಗ ಓಯ್ತಾವ್ರಂತಲ್ಲ ಮೇಡಂ, ಟಿಕೆಟ್ಟೂ ಮಾಡ್ಸವ್ರಂತ. ನೀವ್ ಯಾಕ್ ಓಯ್ತಿಲ್ಲ?"

ಲೀಲಾ ಅಂದರೆ ಓಣಂಗೆ ಮುಂಚೆ, ಕಾರ್ಖಾನೆಗೆ ಹೋಗುವ ಹೂವಿನಲ್ಲೇ ಒಂದಿಷ್ಟು ಕೊಳ್ಳಲು ಗಡಿಯಾಚೆ ಕೇರಳದ ಬತ್ತೇರಿಯಿಂದ ಬರುವ ಮಲಯಾಳಿ ವ್ಯಾಪಾರದವಳು. ಅವಳ ಮಗಳು ದುಬೈನಲ್ಲಿ ಕೆಲಸದಲ್ಲಿದ್ದಾಳೆ. ಚೆನ್ನಾಜಿಗೆ ಅವಳ ಪರಿಚಯ ಹೆಚ್ಚೆಂದರೆ ನಾಲ್ಕು ಓಣಂನದು.

ಏನು ಹೇಳಲಿ! ಆಸೆ ಹುಟ್ಟಿಸಿದವಳು ನಾನು, ಪಾಸ್‌ಪೋರ್ಟ್ ಮಾಡಿಸಿದವಳು ನಾನು, ಆಫೀಸಿನಲ್ಲಿ ರಜೆಗಾಗಿ ಸಾಹೇಬರ ಮುಂದೆ ಹಲ್ಲುಗಿಂಜಿದವಳು ನಾನು — ನನಗೊಂದು ಮಾತಿಲ್ಲ. ಬೇರೆಯವಳ ಬಾಯಿಂದ ಕೇಳಬೇಕಾಯಿತು. ಮೋಸ ಹೋದೆ ಎನಿಸಿತು. ಗಂಡನಿಂದ ಮೋಸ ಹೋದವಳು ಅವಳು, ಅವತ್ತು ಅವಳ ಜೊತೆ ಕೂತು ಅತ್ತವಳು ನಾನು, ಅಂಥವಳಿಗೆ ನನ್ನನ್ನು ಬಿಟ್ಟು ಹೋಗುವುದು ಇಷ್ಟು ಸಲೀಸಾಯಿತೇ ಎಂದು ಹೊಟ್ಟೆಯುರಿದು ಹೋಯಿತು. ಆ ಭಾನುವಾರ ನಾನು ಗುಂಡ್ಲುಪೇಟೆಗೆ ಹೋಗಲಿಲ್ಲ.

ಆದರೆ ಅವಳೇ ಬಂದಳು. ಕದ್ದು ಹೋಗುವವಳಲ್ಲ ಚೆನ್ನಾಜಿ. ಒಂದು ಚೀಲ ಅವರೆಕಾಯಿ ತಂದು ಅಡುಗೆಮನೆಯಲ್ಲಿಟ್ಟು, ನೆಲದ ಮೇಲೆ ಕೂತು, ತಾನೇ ಬಾಯಿಬಿಟ್ಟು ಹೇಳಿದಳು. ಲೀಲಾಳ ಮಗಳ ಮನೆಯಲ್ಲೇ ಉಳಿಯುವುದು, ಕಲ್ಲಿಕೋಟೆಯಿಂದ ವಿಮಾನ. "ನನ್ನ ಬಿಟ್ಟು?" ಎಂದೆ. ನಗುತ್ತಾ ಕೇಳಬೇಕೆಂದುಕೊಂಡಿದ್ದೆ, ದನಿ ನಗಲಿಲ್ಲ.

ಅವಳು ನಕ್ಕಳು. "ಬೇಜಾರ್ ಮಾಡ್ಕಬ್ಯಾಡ ಸಿವಮ್ಮಿ. ನಿನ್ ಜೊತ ಬಂದ್ರ ನಾನು ನಿನ್ ಲಗೇಜು ಕಣ. ನೀ ಇಟ್ಟ ಕಡ ಇರ್ಬೇಕು. ಲೀಲನ್ಗೂ ಏನೂ ಗೊತ್ತಿಲ್ಲ, ನಂಗೂ ಏನೂ ಗೊತ್ತಿಲ್ಲ. ಇಬ್ರೂ ಕೇಳ್ಕಂಡ್ ಕೇಳ್ಕಂಡ್ ಓಯ್ತೀವಿ." ಆಮೇಲೆ ಸೆರಗಿನೊಳಗಿಂದ ಪಾಸ್‌ಪೋರ್ಟನ್ನೂ ವೀಸಾ ಕಾಗದವನ್ನೂ ತೆಗೆದು ನನ್ನ ಮಡಿಲಲ್ಲಿಟ್ಟಳು. "ಆದ್ರ ನೀ ನೋಡ್ದಲೇ ನಾ ಓಗ್ನಾರೆ. ಎಲ್ಲಾ ಸರಿಯಾಗಿ ಅದಾ ನೋಡ್ಬುಟ್ಟು ಯೋಳು."

ಲಗೇಜು. ಆ ಮಾತು ಇವತ್ತಿಗೂ ಚುಚ್ಚುತ್ತದೆ, ಸುಳ್ಳು ಯಾಕೆ ಹೇಳಲಿ. ನಿಜವಿದ್ದದ್ದಕ್ಕೇ ಚುಚ್ಚುತ್ತದೆ.

ಪಾಸ್‌ಪೋರ್ಟ್ ತೆರೆದೆ. ಎರಡನೇ ಹೆಸರಿನ ಜಾಗ ಖಾಲಿ. ವೀಸಾ ಕಾಗದ ನೋಡಿದೆ. ಲೀಲಾಳ ಮಗಳು ಅಲ್ಲಿಂದಲೇ ಅರ್ಜಿ ತುಂಬುವಾಗ ಎರಡು ಹೆಸರು ಬೇಕೇ ಬೇಕೆಂದು ಆ ಫಾರಂ ಹಟ ಹಿಡಿದಿರಬೇಕು. ಪಾಪದ ಹುಡುಗಿ, 'ಚೆನ್ನಾಜ' ಎಂದು ಒಂದು ಕಡೆ, 'ಅಮ್ಮ' ಎಂದು ಇನ್ನೊಂದು ಕಡೆ ತುಂಬಿಬಿಟ್ಟಿದ್ದಳು. ವೀಸಾ ಬಂದಿತ್ತು. ಆದರೆ ಪಾಸ್‌ಪೋರ್ಟಿಗೂ ಅದಕ್ಕೂ ತಾಳೆಯಿಲ್ಲ. ಹೊರಡಲು ಇನ್ನೂ ಬಹಳ ದಿನ ಇತ್ತು. ಅವತ್ತೇ ಹೇಳಿದ್ದರೆ ಟಿಕೆಟ್ ಮುಂದಕ್ಕೆ ಹಾಕಿಸಿ, ಹೆಸರು ಸರಿ ಮಾಡಿಸಿ, ಹೂವು ಇರುವಾಗಲೇ ಹೋಗಿಬರಬಹುದಿತ್ತು. ಇದೆಲ್ಲ ಆ ಕಾಗದ ಕೈಯಲ್ಲಿರುವಾಗಲೇ ನನಗೆ ಹೊಳೆಯಿತು. ಹೊಳೆಯುತ್ತಲೇ ನನ್ನ ಬಾಯಿ ಹೇಳಿತು —

"ಎಲ್ಲಾ ಸರಿಯಾಗೇ ಅದ ಕಣಮ್ಮಿ. ಓಗ್ಬುಟ್ಟು ಬಾ."

ಅವಳು ಪಾಸ್‌ಪೋರ್ಟನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಸಿಕ್ಕಿಸಿಕೊಂಡಳು. ನಾನು ಅವರೆಕಾಯಿ ಸುಲಿಯುತ್ತಾ ಕೂತೆ. ಆಮೇಲೆ ಅದೆಷ್ಟೋ ದಿನ ಸಮಯವಿತ್ತು, ಫೋನಿತ್ತು, ಗುಂಡ್ಲುಪೇಟೆಗೆ ಬಸ್ಸಿತ್ತು. ಒಂದು ದಿನ ಬಸ್ ನಿಲ್ದಾಣದವರೆಗೂ ಹೋದೆ — ತರಕಾರಿ ತೆಗೆದುಕೊಂಡು ಮನೆಗೆ ಬಂದೆ. ವಾಪಸು ಬರಲಿ, ಆಗ ಗೊತ್ತಾಗುತ್ತೆ ನಾನು ಯಾರು ಅಂತ. ಹೀಗೂ ಅಂದುಕೊಂಡೆ. ಮುಚ್ಚಿಡುವುದಿಲ್ಲ, ಅಂದುಕೊಂಡದ್ದು ಅದೇ.

ಅವಳು ಹೊರಟ ದಿನ ಅಕ್ಕಪಕ್ಕದವರೆಲ್ಲ ಸೇರಿ ಹಾರ ಹಾಕಿದರಂತೆ. ಅವಳದೇ ಹೊಲದ ಹೂವಿನ ಹಾರ. ಕಲ್ಲಿಕೋಟೆಯ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪಾಸ್‌ಪೋರ್ಟ್ ನೋಡಿದವರು ಆಗುವುದಿಲ್ಲ ಎಂದರು. ನಾನೂ ಹೋಗಲ್ಲ ಎಂದು ಲೀಲಾ ಅತ್ತಳಂತೆ. ಚೆನ್ನಾಜಿಯೇ ಗದರಿ, ನಿನ್ ಮಗ್ಳು ಕಾಯ್ತಾವ್ಳ ಎಂದು ಒಳಕ್ಕೆ ತಳ್ಳಿದಳಂತೆ. ಆಮೇಲೆ ಒಬ್ಬಳೇ ಬತ್ತೇರಿಗೆ ಬಂದಳು. ಅಷ್ಟು ಹೊತ್ತಿಗೆ, ರಾತ್ರಿ ವಾಹನ ಬಿಡದ ಬಂಡೀಪುರದ ಕಾಡಿನ ರಸ್ತೆ ಮುಚ್ಚಿತ್ತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದು, ಬೆಳಿಗ್ಗೆ ರಸ್ತೆ ಬಿಟ್ಟ ಮೇಲೆ ಮೊದಲ ಬಸ್ಸು ಹತ್ತಿದಳು. ಗುಂಡ್ಲುಪೇಟೆ ಬಂದರೂ ಮನೆಗೆ ಹೋಗಲಿಲ್ಲ. ಹಾರ ಹಾಕಿದವರ ಮುಖ ಹೇಗೆ ನೋಡುವುದು ಎಂದು ಇನ್ನೊಂದು ಬಸ್ಸು ಹಿಡಿದು ಸೀದಾ ನನ್ನ ಮನೆಗೆ ಬಂದಳು.

ಬಾಗಿಲಲ್ಲಿ ಹೊಸ ಸೂಟ್‌ಕೇಸ್ ಹಿಡಿದು ನಿಂತಿದ್ದಳು. ಕೂತುಕೊಳ್ಳಲೂ ಇಲ್ಲ.

"ಸಿವಮ್ಮಿ, ನನ್ ಎಸ್ರು ಸಾಲ್ದಂತ ಕಣಮ್ಮಿ."

ಅಯ್ಯೋ, ಆ ಮುಖ. ಕಾಲು ಹಿಡಿದುಬಿಡಬೇಕಿತ್ತು ಆಗಲೇ. ಹಿಡಿಯಲಿಲ್ಲ. ಅವಳು ಒಳಗೆ ಬಂದು ಕೂತು, ನೀರು ಕುಡಿದು, ನನ್ನ ಮುಖ ನೋಡಿ, "ನಿಂಗ ಗೊತ್ತಿತ್ತಾ?" ಎಂದಳು. ಅನುಮಾನದಿಂದ ಕೇಳಿದ್ದಲ್ಲ, ಇಲ್ಲ ಎನ್ನಿಸಿಕೊಳ್ಳುವುದಕ್ಕೆ ಕೇಳಿದ್ದು.

"ಇಲ್ಲ ಕಣಮ್ಮಿ. ನಂಗೂ ಗೊತ್ತಿರ್ನಿಲ್ಲ."

"ಅಲ್ವಾ ಮತ್ತ. ಗೊತ್ತಿದ್ರ ಯೋಳ್ತಿರ್ನಿಲ್ವಾ ನೀನು," ಎಂದಳು. ಎಂದವಳೇ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಆ ದಿನ ಅವಳಿಗಿದ್ದ ಒಂದೇ ಸಮಾಧಾನ ಅದು, ತನ್ನ ಗೆಳತಿಗೂ ಗೊತ್ತಿರಲಿಲ್ಲ ಎನ್ನುವುದು. ನಾನು ಅವಳ ಬೆನ್ನು ಸವರುತ್ತಾ ಕೂತಿದ್ದೆ. ಮೊದಲನೆಯ ಸುಳ್ಳನ್ನು ಸಿಟ್ಟಿನಲ್ಲಿ ಹೇಳಿದೆ ಎನ್ನಬಹುದೇನೋ, ಈ ಎರಡನೆಯದಕ್ಕೆ ಏನೆನ್ನಲಿ —

ಹೆಸರು ಸೇರಿಸಿ ಮತ್ತೆ ಅರ್ಜಿ ಹಾಕೋಣ ಎಂದು ಆಮೇಲೆ ಎಷ್ಟೋ ಸಲ ಹೇಳಿದೆ. "ಅಪ್ಪನ್ನೋ ಆ ಬೇವರ್ಸಿನ್ನೋ ಹಿಂದ್ಗಡ ಕಟ್ಕಂಡು ನಾ ಊವ ನೋಡಕ್ಕ ಓಗದಾ? ಬುಡತ್ತಗ" ಎಂದು ಅವಳು ಒಪ್ಪಲಿಲ್ಲ. ಕಳೆದ ಸಲ ಹೋದಾಗ ಹೊಲದ ಅಂಚಿನಲ್ಲಿ ಒಂದು ಸಾಲು ಚೆಂಡುಹೂವನ್ನು ಕೀಳದೆ ಬಿಟ್ಟಿದ್ದಳು. ಹೂವು ಬಲಿತು, ಬಾಡಿ, ಗಿಡದಲ್ಲೇ ಒಣಗುತ್ತಿತ್ತು. "ನನ್ ದುಬೈ" ಎಂದು ತೋರಿಸಿದಳು. ನನ್ನನ್ನೂ ಪಕ್ಕಕ್ಕೆ ಎಳೆದು ಫೋಟೋ ತೆಗೆಸಿಕೊಂಡಳು. ಆ ಫೋಟೋ ನನ್ನ ಫೋನಿನಲ್ಲಿದೆ, ತೆರೆದು ನೋಡುವುದಕ್ಕಾಗುವುದಿಲ್ಲ.

ಈಗ ಗುಂಪಿನಲ್ಲಿ ಉತ್ತರ ಕೊಡುವವಳು ನಾನಲ್ಲ, ಅವಳು. ನಾನು ನಿಲ್ಲಿಸಿಬಿಟ್ಟೆ, ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು. ಯಾರಾದರೂ ಹೊಸಬಳು ಬಂದು ಹೊರಗಡೆ ದೇಶಕ್ಕೆ ಹೋಗಬೇಕು ಎಂದರೆ ಸಾಕು, ಚೆನ್ನಾಜಿಯ ದನಿ ಬರುತ್ತದೆ. ಹಿಂದೆ ಹೆದ್ದಾರಿಯ ಲಾರಿಗಳ ಸದ್ದು, ಮುಂದೆ ಇವಳು. ಹೋದ ವಾರ ಪುಣಜನೂರಿನ ಅಂಗನವಾಡಿಯ ಒಬ್ಬಳಿಗೆ ಹೇಳಿದ್ದು ಹೀಗೆ.

"ಮೊದ್ಲು ಪಾಸ್‌ಪೋರ್ಟ್ ತಗುದು ಎಸ್ರು ಒಂದದಾ ಎಲ್ಡದಾ ನೋಡ್ಕಳವ್ವ. ಆಮೇಲ ಟಿಕೆಟ್ಟು. ನಾ ಹಂಗೇ ಓಗಿ ವಾಪಸ್ ಬಂದೋಳು. ನಾಚ್ಕ ಏನಿಲ್ಲ ಯೋಳಕ್ಕ. ನಮ್ ಸಿವಮ್ಮ, ಅಷ್ಟ್ ಓದ್ದೋಳು, ಎಲ್ಲಾ ತಿಳ್ದೋಳು, ಅವಳ್ಗೂ ಗೊತ್ತಿರ್ನಿಲ್ಲ."

ಪ್ರತಿ ಸಲವೂ ಇದೇ. ಪ್ರತಿ ಸಲವೂ ನನ್ನ ಹೆಸರು ಹೇಳಿ, ನನ್ನ ಮಾನ ಕಾಪಾಡಿಯೇ ಮಾತು ಮುಗಿಸುತ್ತಾಳೆ. ಯಾರೂ ನನ್ನತ್ತ ಬೆರಳು ತೋರಿಸಿರಲಿಲ್ಲ. ಆದರೂ ಮುಂಚಿತವಾಗಿಯೇ ಅಡ್ಡ ನಿಂತುಬಿಡುತ್ತಾಳೆ.

ಗುಂಪಿನಲ್ಲೇ ಹೇಳಿಬಿಡೋಣ ಎಂದು ಫೋನು ಹಿಡಿದಿದ್ದೆ. ಬಿಟ್ಟೆ. ಅಲ್ಲಿ ಹೇಳಿದರೆ ಎಂಥ ದೊಡ್ಡ ಮನಸ್ಸು ಮೇಡಂದು ಎಂದು ನಾಲ್ಕು ಜನ ಕೈಮುಗಿದ ಚಿತ್ರ ಹಾಕುತ್ತಾರೆ. ಅದೂ ನನಗೇ ಲಾಭ. ಈ ಭಾನುವಾರ ಗುಂಡ್ಲುಪೇಟೆಗೆ ಹೋಗುತ್ತೇನೆ. ಅವಳು ಕಾಫಿಗೆ ಇಡುವುದಕ್ಕೆ ಮುಂಚೆ ಹೇಳಬೇಕು. ಅವಳ ಕಾಫಿ ಕುಡಿದ ಮೇಲೆ ನನ್ನಿಂದ ಆಗುವುದಿಲ್ಲ, ನನ್ನ ಬುದ್ಧಿ ನನಗೆ ಗೊತ್ತು. ಬಾಗಿಲಾಚೆ ನೂಕಿದರೆ ನೂಕಲಿ.

ಅಪ್ಪನ ಹೆಸರು ಬೇಡ ಎಂದಳು, ಗಂಡನ ಹೆಸರು ಬೇಡ ಎಂದಳು. ದುಬೈ ಕೈಬಿಟ್ಟರೂ ಆ ಖಾಲಿ ಜಾಗಕ್ಕೆ ಯಾರನ್ನೂ ಸೇರಿಸಿಕೊಳ್ಳಲಿಲ್ಲ. ತನ್ನ ಹೆಸರಿನ ಪಕ್ಕದಲ್ಲಿ ಅವಳು ತಾನಾಗಿ ಇಟ್ಟುಕೊಂಡದ್ದು ಒಂದೇ ಒಂದು ಹೆಸರು, ನನ್ನದು. ಅದನ್ನು ಹೊಡೆದುಹಾಕು ಎಂದು ಹೇಳುವುದಕ್ಕೆ ಹೋಗುತ್ತಿದ್ದೇನೆ.