ನೀಲವ್ವ ಕೊಟ್ಟ ಮಣ್ಣೆತ್ತು

ನೀಲವ್ವ ಯಾವುದನ್ನೂ ಮೂಸದೆ ನಂಬುತ್ತಿರಲಿಲ್ಲ. ಬೀಜ, ಗೊಬ್ಬರ, ಸೊಸೆ ತಂದಿಟ್ಟ ಚಹಾ, ಎಲ್ಲದಕ್ಕೂ ಮೊದಲು ಮೂಗು. ನಾನು ತೋರಿಸಿದ ಕಾಲೇಜಿನ ಗುರುತಿನ ಚೀಟಿಯನ್ನೂ ಮೂಸಿ ನೋಡಿಯೇ ನನ್ನನ್ನು ಕಟ್ಟೆಯ ಮೇಲೆ ಕೂರಲು ಬಿಟ್ಟಳು. ಓದು ಬಾರದ ಅವಳಿಗೆ ಆ ಚೀಟಿ ಏನು ಹೇಳಿತೋ ನನಗೆ ಇಂದಿಗೂ ತಿಳಿದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಕೃಷಿ ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದ್ದೆ. ಸಿಂದಗಿ ಸುತ್ತಮುತ್ತ ಹೂವಿಗೆ ಬಂದ ತೊಗರಿ ಗಿಡಗಳು ಇದ್ದಕ್ಕಿದ್ದಂತೆ ಸೊರಗಿ ಸಾಯುತ್ತಿದ್ದವು. ಬೇರಿಗೆ ಹತ್ತುವ ಒಂದು ಬೂಷ್ಟು ಅದಕ್ಕೆ ಕಾರಣ. ಯಂಕಂಚಿಯ ನೀಲವ್ವನ ಹೊಲದಲ್ಲಿ, ಬೇವಿನ ಮರದ ಕಡೆಯ ಮೂಲೆಯಲ್ಲಿ ಮಾತ್ರ ಒಂದು ಗಿಡವೂ ಸಾಯುವುದಿಲ್ಲವೆಂದು ಬಸ್ಸಿನಲ್ಲಿ ಸಿಕ್ಕ ರೈತರೊಬ್ಬರು ಹೇಳಿದ್ದರು. ಹಾಗಿದ್ದರೆ ಅಲ್ಲಿನ ಮಣ್ಣಿನ ಬ್ಯಾಕ್ಟೀರಿಯಾ ಏನನ್ನೋ ತಯಾರಿಸಿ ಬೂಷ್ಟನ್ನು ತಡೆಯುತ್ತಿರಬೇಕು. ಆ ವಸ್ತು ಯಾವುದೆಂದು ಗುರುತಿಸಿದರೆ ನನಗೆ ಪದವಿ, ಇಲ್ಲದಿದ್ದರೆ ಗಂಟು ಕಟ್ಟಿಕೊಂಡು ಊರಿಗೆ ಹೋಗಬೇಕು.

ಒಂದು ಚೀಲ ಮಣ್ಣು ಬೇಕೆಂದು ಕೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಕಣ್ಣು ನನ್ನ ಕನ್ನಡಕದ ಮೇಲೆ ನಿಂತಿತು.

"ನನ್ನ ತವರುಮನಿ ನಿಡಗುಂದಿ ಕಡೆ ಐತ್ರಿ. ಅಲ್ಲೂ ನಿಮ್ಮಂಗ ಚಾಳೀಸ ಹಾಕ್ಕೊಂಡಾಂವ ಒಬ್ಬ ಬಂದು ಚೀಲದಾಗ ಮಣ್ಣ ತುಂಬಿಕೊಂಡು ಹ್ವಾದ. ಮರುವರ್ಷ ಹೊಲ ಡ್ಯಾಮಿಗೆ ಹೋಗ್ತೈತಿ ಅಂತ ನಮ್ಮಪ್ಪನ ಹೊಲದಾಗ ಕಲ್ಲ ನೆಟ್ರು. ಮಣ್ಣ ಕೇಳಾವ್ರು ಬರೇ ಮಣ್ಣ ಕೇಳೂದಿಲ್ರಿ."

ನಾನು ಎಷ್ಟು ಹೇಳಿದರೂ ಹೊಲಕ್ಕೆ ಕಾಲಿಡಲು ಬಿಡಲಿಲ್ಲ. ತಾನೇ ಅಗೆದು ತರುತ್ತೇನೆಂದು ಚೀಲ ಕಸಿದುಕೊಂಡು ಹೋದವಳು ತಾಸಿನ ಮೇಲೆ ತುಂಬಿಸಿ ತಂದಳು. ಅವಳ ಕಾಲುಗಳು ಒದ್ದೆಯಾಗಿದ್ದವು. ಸುಗ್ಗಿ ಮುಗಿದು ಹೊಲಗಳೆಲ್ಲ ಬಿರುಕು ಬಿಟ್ಟಿದ್ದ ಕಾಲವದು. ಮನಸ್ಸಿನಲ್ಲಿ ಗುಮಾನಿ ಎದ್ದರೂ, ಮಣ್ಣು ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಬಾಯಿ ಬಿಡಲಿಲ್ಲ.

ತಿಂಗಳುಗಟ್ಟಲೆ ಆ ಮಣ್ಣನ್ನು ನೀರಿನಲ್ಲಿ ಕದಡಿ, ಗಾಜಿನ ತಟ್ಟೆಗಳಲ್ಲಿ ಹರಡಿ, ಎದುರಿಗೆ ಬೂಷ್ಟನ್ನು ಬೆಳೆಸಿದೆ. ಬೂಷ್ಟು ಯಾರ ಮುಲಾಜೂ ಇಲ್ಲದೆ ತಟ್ಟೆಯನ್ನೆಲ್ಲ ನುಂಗಿತು. ನನ್ನ ಮಾರ್ಗದರ್ಶಕರಿಗೆ ನನ್ನ ಕೈಗುಣದ ಮೇಲೆ ಅನುಮಾನ, ನನಗೆ ನೀಲವ್ವನ ಒದ್ದೆ ಕಾಲುಗಳ ಮೇಲೆ.

ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಯ ದಿನ, ಜಗಳ ಆಡಿಯೇ ಬರುವುದೆಂದು ಯಂಕಂಚಿಗೆ ಹೋದೆ. ನೀಲವ್ವ ಪಡಸಾಲೆಯಲ್ಲಿ ಕೂತು ಎರೆಮಣ್ಣಿನ ಎತ್ತುಗಳಿಗೆ ಕೊಂಬು ಕೂರಿಸುತ್ತಿದ್ದಳು. ಅವಳ ಮುಂದೆ ಬೂಷ್ಟಿನ ತಟ್ಟೆ ಇಟ್ಟು, ತೊಗರಿಯನ್ನು ಕೊಲ್ಲುವವನು ಇವನೇ, ತಡೆಯುವವನು ನಿಮ್ಮ ಮಣ್ಣಿನಲ್ಲಿ ಸಿಗಲಿಲ್ಲ, ಇನ್ನು ನನ್ನನ್ನು ಕಾಲೇಜಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದೆ. ಜಗಳಕ್ಕೆಂದು ಹೋದವನು ಬೇಡುವವನಂತೆ ಅವಳ ಮುಂದೆ ಕೂತುಬಿಟ್ಟೆ. ಅವಳು ತಟ್ಟೆಯನ್ನು ಮೂಸಿದಳು, ಆಮೇಲೆ ನನ್ನ ಮುಖ ನೋಡಿದಳು. ಪೂಜೆ ಮುಗಿದ ಮೇಲೆ ಒಂದು ಎತ್ತನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ಆವಾಗ ಕೊಟ್ಟದ್ದು ಹಳ್ಳದ ದಂಡಿ ಮಣ್ಣ, ತಮ್ಮಾ. ಈ ಎತ್ತ ಬೇವಿನ ಮೂಲೀದು. ಮುರಿಯೂದಿದ್ರ ಬಾಲದ ಕಡೆ ಮುರಿ, ಮುಖಕ್ಕ ಕೈ ಹಚ್ಚಬ್ಯಾಡ."

ಬಾಲವನ್ನಷ್ಟೇ ಮುರಿದೆ. ವಾರದೊಳಗೆ ತಟ್ಟೆಯಲ್ಲಿ ಸುಣ್ಣದಂಥ ಬಿಳಿ ಚುಕ್ಕೆಯೊಂದು ಎದ್ದಿತು. ಬೂಷ್ಟು ಅದರಿಂದ ಬೆರಳಗಲ ದೂರದಲ್ಲೇ ನಿಂತುಬಿಟ್ಟಿತು. ಆ ಬ್ಯಾಕ್ಟೀರಿಯಾ ಬೆಳೆದ ರಸವನ್ನು ಸೋಸಿ, ಕಾಗದದ ಪಟ್ಟಿಯ ಮೇಲೆ ಅದರೊಳಗಿನ ವಸ್ತುಗಳನ್ನು ಬೇರೆ ಬೇರೆ ಎತ್ತರಕ್ಕೆ ಏರಿಸಿ, ಪಟ್ಟಿಯನ್ನು ಬೂಷ್ಟಿನ ಮೇಲೆ ಒತ್ತಿದೆ. ಒಂದೇ ಒಂದು ಕಡೆ ಬೂಷ್ಟು ಬೆಳೆಯಲಿಲ್ಲ. ಆ ಜಾಗದ ವಸ್ತುವನ್ನು ಬಿಡಿಸಿ, ಗೊತ್ತಿದ್ದ ವಸ್ತುಗಳ ಜೊತೆ ಹೋಲಿಸಿ, ಅದು ಇಂಥದ್ದೇ ಎನ್ನುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು.

ಮಾರ್ಗದರ್ಶಕರು ಎಲ್ಲ ಓದಿ ಕನ್ನಡಕ ತೆಗೆದಿಟ್ಟರು. ಎತ್ತಿನ ಬಾಲದಲ್ಲಿ ಸಿಕ್ಕಿತು ಎಂದು ಬರೆದರೆ ಯಾರು ನಂಬುತ್ತಾರೆ, ಆ ಹೊಲದಿಂದಲೇ ಮಣ್ಣು ತಂದು ಮತ್ತೊಮ್ಮೆ ತೋರಿಸು ಎಂದರು. ಮರುದಿನವೇ ಯಂಕಂಚಿಯ ಬಸ್ಸು ಹತ್ತಿದೆ.

ಕಟ್ಟೆ ಖಾಲಿಯಿತ್ತು. ಸೊಸೆ ಶಾಂತವ್ವ ಹೊರಗೆ ಬಂದಳು.

"ಅತ್ತಿ ಹೋಗಿ ಮೂರ ತಿಂಗಳಾತ್ರಿ. ನೀವು ಬಂದ್ರ ಹೊಲಕ್ಕ ಕರ್ಕೊಂಡು ಹೋಗು ಅಂತ ಹೇಳಿದ್ರು."

ಯಾರೂ ಹೇಳದೆಯೇ ಬದುವಿನ ಮೇಲೆ ಚಪ್ಪಲಿ ಬಿಟ್ಟೆ. ಬೇವಿನ ಮರದ ಕಡೆಯ ಮೂಲೆಯಲ್ಲಿ ಗೇಣುದ್ದ ಅಗೆದು ಒಂದು ಹಿಡಿ ಮಣ್ಣು ತೆಗೆದೆ. ಅದನ್ನು ಚೀಲಕ್ಕೆ ಹಾಕುವ ಮೊದಲು ಕೈ ತಾನಾಗಿಯೇ ಮೂಗಿನ ಹತ್ತಿರ ಹೋಯಿತು. ಮಣ್ಣಿಗೆ ಮೊದಲ ಮಳೆಯ ವಾಸನೆ ಕೊಡುವುದೂ ಇಂಥ ಬ್ಯಾಕ್ಟೀರಿಯಾಗಳೇ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ನೀಲವ್ವ ಅದನ್ನು ಮೂಗಿನಿಂದಲೇ ತಿಳಿದಿದ್ದಳು.

"ಬೇವಿನ ಮೂಲಿ ಇದೇ ಹೌದಲ್ರಿ?" ಎಂದು ಶಾಂತವ್ವನನ್ನು ಕೇಳಿದೆ.

"ಅತ್ತೀನೂ ಏನ ಕೊಟ್ರೂ ಹಿಂಗ ಮೂಸಿ, ಮ್ಯಾಲ ಮತ್ತ ಕೇಳ್ತಿದ್ರು ನೋಡ್ರಿ" ಎಂದಳು ಅವಳು.

ನನ್ನ ಮೇಜಿನ ಮೇಲಿನ ಬಾಲವಿಲ್ಲದ ಎತ್ತಿನ ವಾಸನೆಯೂ ಈ ಹಿಡಿ ಮಣ್ಣಿನದೇ. ಚೀಲದ ಬಾಯಿ ಕಟ್ಟಲಾಗದೆ ಆ ಮೂಲೆಯಲ್ಲೇ ಕೂತು ಅತ್ತುಬಿಟ್ಟೆ.