ಬೀದಿಗೆ ಬೆನ್ನು ಮಾಡಿದ ಬೇಸಿಗೆ

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಹೊಸತರಲ್ಲಿ ನನಗೂ ಒಂದು ಸ್ವಂತ ಮನೆ ಸಿಕ್ಕಿತು. ಸ್ವಂತ ಅಂದರೆ ವಾಡಿಯ ಹತ್ತಿರ ಗಂಡನ ನೌಕರಿಯ ಜೊತೆ ಬಂದ ಕ್ವಾರ್ಟರ್ಸು, ಅಷ್ಟೇ. ಆದರೆ ಚಿತ್ತಾಪುರದ ತುಂಬಿದ ಮನೆಯಲ್ಲಿ ಅತ್ತೆಯ ಅಡುಗೆಮನೆಯ ಮೂಲೆಯಲ್ಲಿ ನಿಂತು ದಿನ ಕಳೆದವಳಿಗೆ, ನಾನು ಇಟ್ಟ ಕಡೆಯೇ ಉಪ್ಪಿನ ಡಬ್ಬಿ ಇರುತ್ತದೆ ಎಂಬುದೇ ದೊಡ್ಡ ಸುಖವಾಗಿತ್ತು.

ಮನೆ ನೋಡಲು ಚೆಂದವಿತ್ತು. ಮುಂದೆ ಲಾರಿ ತಿರುಗುವಷ್ಟು ಅಗಲದ ರಸ್ತೆ, ಪಡುವಣಕ್ಕೆ ಎರಡು ದೊಡ್ಡ ಗಾಜಿನ ಕಿಟಕಿ, ಮೇಲೆ ಸಿಮೆಂಟ್ ಶೀಟಿನ ಪತ್ರಾ. ಮಳೆ ಹೆಚ್ಚು ಬೀಳುವ ಯಾವುದೋ ತಂಪು ಊರಿನಲ್ಲೂ ಇದೇ ನಕ್ಷೆಯ ಮನೆಗಳಿವೆ ಎಂದು ನನ್ನ ಗಂಡ ಹೆಮ್ಮೆಯಿಂದ ಹೇಳಿದ್ದರು. ಆ ನಕ್ಷೆ ಬರೆದ ಪುಣ್ಯಾತ್ಮ ಒಳ್ಳೆಯವನೇ ಇರಬೇಕು. ಗಾಳಿ ಬರಲಿ, ಬೆಳಕು ಬರಲಿ ಎಂದು ಬಯಸಿದ್ದ. ನಮ್ಮ ಕಡೆಯ ಒಂದು ಬೇಸಿಗೆಯನ್ನು ಅವನು ಉಂಡಿರಲಿಲ್ಲ, ಅದೊಂದೇ ಕೊರತೆ.

ಚಳಿಗಾಲದಲ್ಲಿ ಏನೂ ಗೊತ್ತಾಗಲಿಲ್ಲ. ತವರಿನಲ್ಲಿ ಹೆತ್ತು ಕೂಸನ್ನು ಕರೆದುಕೊಂಡು ಬಂದಾಗ ಯುಗಾದಿ ಹತ್ತಿರವಾಗಿತ್ತು. ಆಮೇಲೆ ಶುರುವಾಯಿತು ನೋಡಿ. ಮಧ್ಯಾಹ್ನ ಪತ್ರಾ ಕಾಯುತ್ತಿತ್ತು, ಆಮೇಲೆ ಸಂಜೆಯವರೆಗೆ ಕಿಟಕಿಯ ಬಿಸಿಲು ತೊಟ್ಟಿಲ ಮೇಲೆಯೇ ಬೀಳುತ್ತಿತ್ತು. ಕೂಸಿನ ಬೆನ್ನ ತುಂಬ ಬೆವರುಗುಳ್ಳೆ ಎದ್ದವು. ನಾನು ಚಿತ್ತಾಪುರದವಳ ಬುದ್ಧಿ ಓಡಿಸಿದೆ. ಅಲ್ಲಿ ನಾವು ಬೇಸಿಗೆಯಲ್ಲಿ ಬಾಗಿಲು ಹಾಕಿಕೊಂಡು ನೆಲದ ಶಹಾಬಾದ ಕಲ್ಲಿಗೆ ನೀರು ಸುರಿಯುತ್ತೇವೆ. ಮನೆ ಬಾವಿಯೊಳಗಿನ ಹಾಗೆ ತಣ್ಣಗಾಗುತ್ತದೆ. ಇಲ್ಲಿಯೂ ಕಿಟಕಿ ಬಾಗಿಲು ಬಿಗಿದು ಕೊಡಗಟ್ಟಲೆ ನೀರು ಸುರಿದೆ. ಆದರೆ ಅಲ್ಲಿನ ಮೊಳದಪ್ಪದ ಮಣ್ಣಿನ ಮಾಳಿಗೆ, ಬಿಸಿಗಾಳಿಯನ್ನು ಮೇಲಕ್ಕೆ ಎಳೆದು ಬಿಡುವ ಬೆಳಕಿಂಡಿ ಇಲ್ಲೆಲ್ಲಿ? ಕಾಯ್ದ ಪತ್ರಾದ ಕೆಳಗೆ ನೀರೆಲ್ಲ ಹಬೆಯಾಗಿ, ನಾನೂ ಕೂಸೂ ಇಡ್ಲಿಯಂತೆ ಬೆಂದೆವು. ಅಂದು ಸಂಜೆ ಕೂಸಿಗೆ ಜ್ವರ ಬಂತು, ಹಾಲು ಬಿಟ್ಟಿತು.

ಸುದ್ದಿ ಚಿತ್ತಾಪುರಕ್ಕೆ ಮುಟ್ಟಿತು. ಮುಂದಿನ ವಾರ ತಾನೇ ಬಂದು ಇಬ್ಬರನ್ನೂ ಕರೆದೊಯ್ಯುವೆ, ಮಳೆ ಬರುವ ತನಕ ಅಲ್ಲೇ ಇರಲಿ ಎಂದು ಅತ್ತೆ ಹೇಳಿ ಕಳಿಸಿದರು. ಮಳೆ ಬರುವ ತನಕ! ಅತ್ತೆಯ ಇನ್ನೊಬ್ಬ ಸೊಸೆ, ನನ್ನ ನೆಗೆಣ್ಣಿಯೂ ಹೀಗೆಯೇ ಒಂದು ಬೇಸಿಗೆಗೆಂದು ಅಲ್ಲಿಗೆ ಹೋದವಳು, ಗಂಡನ ನೌಕರಿಯ ಊರಿಗೆ ಮರಳಲೇ ಇಲ್ಲ. ಕೂಸಿನ ಮೈ ಮುಟ್ಟಿದರೆ ಹೋಗಬೇಕು ಅನ್ನಿಸುತ್ತಿತ್ತು, ಉಪ್ಪಿನ ಡಬ್ಬಿ ನೋಡಿದರೆ ಇರಬೇಕು ಅನ್ನಿಸುತ್ತಿತ್ತು. ನನಗೆ ಅಳುವೇ ಬರುತ್ತಿತ್ತು.

ಮರುದಿನ ಅಕ್ಕಿ ತೊಳೆದ ನೀರು ಚೆಲ್ಲಲು ಹಿಂದಿನ ಬಾಗಿಲು ತೆರೆದೆ. ಹಿಂದೆ, ಎರಡು ಸಾಲು ಮನೆಗಳ ಹಿತ್ತಲ ಗೋಡೆಗಳ ನಡುವೆ, ನೀರಿನ ಪೈಪು ಹೋಗಲೆಂದು ಬಿಟ್ಟ ಒಂದು ಸಂದಿ. ಕೊಡ ಹೊತ್ತ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕು, ಅಷ್ಟು ಇಕ್ಕಟ್ಟು. ಅಲ್ಲಿ ಕಾಲಿಟ್ಟೆ; ಅಂಗಾಲು ತಣ್ಣಗಾಯಿತು. ಚಿತ್ತಾಪುರದ ನಮ್ಮ ಓಣಿಯ ನೆರಳೇ ಅದು! ಯಾರೂ ಮನಸ್ಸಿಟ್ಟು ನಕ್ಷೆ ಬರೆಯದ ಜಾಗವೇ ನಮ್ಮ ಹವಾಕ್ಕೆ ಸರಿಯಾಗಿ ಕೂತಿತ್ತು.

ಶಹಾಬಾದಿನಿಂದ ಬಂದಿದ್ದ ಪಕ್ಕದ ಮನೆಯ ಅಕ್ಕನನ್ನು ಕೂಗಿದೆ. ಅವರು ಬಂದು ಸಂದಿಯ ಎರಡೂ ತುದಿ ನೋಡಿ, ತಲೆ ಎತ್ತಿ ಸೂರ್ಯನನ್ನು ನೋಡಿ, “ಗಾಳಿ ಭಾಳ ಚಂದ ಹಾಯ್ತದವಾ. ನಡುಮಧ್ಯಾನದ ಬಿಸಲು ಒಂದ ತಡಿಬೇಕು. ಮ್ಯಾಲ ತಟ್ಟಿ ಹಾಕಿಬಿಡೋಣು,” ಎಂದರು. ಸಾಲಿನ ಹೆಂಗಸರೆಲ್ಲ ಸೇರಿ ತೊಗರಿ ಕಟ್ಟಿಗೆಯ ತಟ್ಟಿ ಹೆಣೆದು ಗೋಡೆಯಿಂದ ಗೋಡೆಗೆ ಹೊದಿಸಿದೆವು. ಅಕ್ಕನ ತವರಿನವರು ಪಾಲಿಶ್ ಕಾರ್ಖಾನೆಯಲ್ಲಿ ಒಡೆದು ಉಳಿದ ಕಲ್ಲಿನ ತುಂಡುಗಳನ್ನು ಕಳಿಸಿದರು. ಅವನ್ನು ನೆಲಕ್ಕೆ ಹಾಸಿ ನೀರು ಚಿಮುಕಿಸಿದೆವು. ಈ ಸಲ ಹಬೆ ಕಟ್ಟಿಕೊಳ್ಳಲಿಲ್ಲ, ಗಾಳಿ ಹೊತ್ತುಕೊಂಡು ಹೋಯಿತು. ಬಿಸಿಲೇರುತ್ತಲೇ ಸಾಲಿನ ಮನೆಗಳೆಲ್ಲ ಮುಂಬಾಗಿಲಿಗೆ ಅಗಳಿ ಹಾಕಿ ಆ ಭವ್ಯ ರಸ್ತೆಗೆ ಬೆನ್ನು ಮಾಡಿ ಕೂತವು. ಸಂದಿಯಲ್ಲಿ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂಸು ಮಲಗಿತು. ಎರಡು ದಿನದಲ್ಲಿ ಜ್ವರ ಇಳಿದು, ಮತ್ತೆ ಹಾಲಿಗೆ ಬಾಯಿ ಹಾಕಿತು.

ಅತ್ತೆ ಹೇಳಿದಂತೆಯೇ ಬಂದರು, ಅದೂ ಮಟಮಟ ಮಧ್ಯಾಹ್ನ. ಸ್ಟೇಷನ್ನಿನಿಂದ ಕೂಸಿನ ಬಟ್ಟೆಗೆಂದು ಖಾಲಿ ಚೀಲ ಹಿಡಿದು ನಡೆದು ಬಂದವರಿಗೆ, ಸಾಲಿನ ಒಂದು ಬಾಗಿಲೂ ತೆರೆದದ್ದು ಕಾಣಲಿಲ್ಲ. ಕೂಸಿಗೆ ಏನೋ ಆಗಿಹೋಯಿತೆಂದು ಎದೆ ಒಡೆದುಕೊಂಡು ಬಾಗಿಲು ಬಡಿದರಂತೆ. ನಮಗೆ ಕೇಳಿಸಲಿಲ್ಲ. ಸುತ್ತಿ ಹಿಂದೆ ಬಂದಾಗ ಮುಖ ಕೆಂಡವಾಗಿತ್ತು.

“ಮುಂಬಾಗಲ ಮುಚ್ಚಿ ಸಂದ್ಯಾಗ ಸಂಸಾರ ಮಾಡಾಕತ್ತೀರೇನ? ಊರಾಗ ಯಾರರ ಕೇಳಿದ್ರ ನಕ್ಕಾರು!”

“ಕುಂದ್ರಿ ಅತ್ತಿ, ಮೊದಲ ನೀರು ಕುಡೀರಿ,” ಎಂದೆ.

ಅವರು ಕೂರಲಿಲ್ಲ. ಜೋಳಿಗೆ ಸರಿಸಿ ಕೂಸಿನ ಕುತ್ತಿಗೆ ಮುಟ್ಟಿದರು, ಬೆನ್ನು ಸವರಿದರು. ತಟ್ಟಿ ನೋಡಿದರು, ಒದ್ದೆ ಕಲ್ಲು ನೋಡಿದರು. ಆಮೇಲೆ ಕಾಲು ಚಾಚಿ ಕಲ್ಲಿನ ಮೇಲೆ ಕೂತು, ತಂಬಿಗೆ ನೀರು ಕುಡಿದು, ಖಾಲಿ ಚೀಲವನ್ನೇ ಮಡಚಿ ತಲೆಗಿಟ್ಟುಕೊಂಡು ಮಲಗಿಬಿಟ್ಟರು. ಹೊತ್ತು ಇಳಿಯುವ ತನಕ ಗೊರಕೆ.

ಎದ್ದ ಮೇಲೆ ನಾನು ಕೇಳಿದೆ: “ಕೂಸಿನ ಬಟ್ಟಿ ಕಟ್ಟಲೇನ್ರಿ ಅತ್ತಿ?”

“ಯಾಕ? ತಣ್ಣಗ ಮಲಗಿದ ಕೂಸಿಗೆ ಮತ್ತ ಬಿಸಲಾಗ ಒಯ್ಯಲೇನು? ನಂದ ಎರಡು ಸೀರಿ ತರಿಸು. ಮಳಿ ಬರೋತನಕ ನಾನೇ ಇಲ್ಲೆ ಇರ್ತೀನಿ.”

ಎದೆಯ ಮೇಲಿನ ಕಲ್ಲು ಇಳಿಯಿತು. ಅದರ ಬೆನ್ನಿಗೇ ಇನ್ನೊಂದು ಸಣ್ಣದು ಏರಿತು. ಅತ್ತೆ ಇದ್ದ ಕಡೆ ಅಡುಗೆಮನೆ ಯಾರದೆಂದು ಕೇಳುವ ಹಾಗೇ ಇಲ್ಲವಲ್ಲ.

ಮರುದಿನ ಬೆಳಗ್ಗೆ ಸಂದಿಯಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಒಳಗಿನಿಂದ ಅವರ ದನಿ ಕೇಳಿತು.

“ಏ ಹುಡುಗಿ, ನಿನ್ನ ಮನ್ಯಾಗ ಉಪ್ಪು ಎಲ್ಲಿ ಇಡ್ತಿ?”

ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡು ಎಲ್ಲಿದೆ ಎಂದು ಹೇಳಿದೆ. ಆ ಬೇಸಿಗೆಯಿಡೀ ಡಬ್ಬಿ ಅಲ್ಲೇ ಇತ್ತು.