ತಕ್ಕಡಿಯ ಮೇಲಿನ ಹೆಬ್ಬೆರಳು

ನಾನು ಕದ್ದದ್ದು ಜನರ ಮುಖಗಳನ್ನು. ನಿಜಾಮರ ಕಾಲದಲ್ಲಿ ಹೈಸ್ಕೂಲು ಮುಗಿಸಿ, ಹಲ್ಲುಪುಡಿ ಮಾರುವ ಏಜೆಂಟನಾಗಿ ಆಳಂದ, ಅಫಜಲಪುರ, ಜೇವರ್ಗಿಯ ಸಂತೆಗಳನ್ನು ಸುತ್ತುತ್ತಿದ್ದೆ. ಸೋಲಾಪುರದ ಗೆಳೆಯನಿಂದ ಪಡೆದ ಡಬ್ಬಿ ಕ್ಯಾಮೆರಾ ಹೊಟ್ಟೆಯ ಮೇಲೆ ತೂಗುತ್ತಿತ್ತು. ಅದರೊಳಗೆ ನೋಡಲು ತಲೆ ತಗ್ಗಿಸಬೇಕು. ಹಾಗಾಗಿ ಜನ ನನ್ನನ್ನು ಬಹಳ ವಿನಯವಂತನೆಂದು ತಿಳಿದಿದ್ದರು. ನಾನೋ, ಆಕಳಿಸುವ ಸಾವಕಾರನನ್ನೂ ಮೂಗು ಕೆದಕುವ ಗೌಡನನ್ನೂ ಡಬ್ಬಿಗೆ ಹಾಕಿಕೊಳ್ಳುತ್ತಿದ್ದೆ.

ಈ ಮೂರೂ ಸಂತೆಗಳಿಗೆ ಒಣಮೆಣಸಿನಕಾಯಿ ಮಾರಲು ಮಾವ-ಸೊಸೆ ಬರುತ್ತಿದ್ದರು. ಮಾವ ದುಡ್ಡಿನ ಚೀಲದ ಬಳಿ, ಸೊಸೆ ತಕ್ಕಡಿಯ ಹಿಂದೆ. ಆಳಂದದಲ್ಲಿ ತೆಗೆದ ಒಂದು ಚಿತ್ರವನ್ನು ತೊಳೆಸಿ ನೋಡಿದರೆ, ಅವಳ ಸೀರೆಯಂಚಿನಿಂದ ಹೊರಬಂದ ಕಾಲಿನ ಹೆಬ್ಬೆರಳು ತಕ್ಕಡಿಯ ತಟ್ಟೆಯನ್ನು ಒತ್ತುತ್ತಿತ್ತು. ಗಿರಾಕಿಗೆ ಮೋಸ! ನನಗೆ ಎಲ್ಲಿಲ್ಲದ ಖುಷಿ. ಅಫಜಲಪುರದಲ್ಲಿ ಅದನ್ನು ಮಾವನ ಕೈಗಿಟ್ಟು ಕಣ್ಣು ಮಿಟುಕಿಸಿದೆ.

“ನಿಮ್ಮ ಸೊಸಿ ಭಾಳ ಹುಷಾರ್ ಅದಾಳ್ರಿ.”

ಮುದುಕ ಚಿತ್ರವನ್ನು ಮೂಗಿಗೆ ತಾಗಿಸಿ ನೋಡಿದ. “ಲೇ ಶಾಣ್ಯಾ, ಬೆರಳು ಕಲ್ಲಿನ ತಟ್ಟಿ ಮ್ಯಾಲ ಅದ. ಮೆಣಸಿನಕಾಯಿ ತಟ್ಟಿ ಮ್ಯಾಲ ಅಲ್ಲ!”

ಚಿತ್ರದಲ್ಲಿದ್ದ ಗಿರಾಕಿ ಕೂಲಿ ಹೆಂಗಸು. ತೂಕದ ಕಲ್ಲಿನ ಕಡೆ ಒತ್ತಿದಷ್ಟೂ ಅವಳ ಉಡಿಗೆ ಹೆಚ್ಚು ಮೆಣಸಿನಕಾಯಿ ಬೀಳುತ್ತಿತ್ತು. ಇಷ್ಟು ತಿಳಿಯಲು ಹೈಸ್ಕೂಲು ಬೇಕಿರಲಿಲ್ಲ.

ಮುದುಕ ಸೊಸೆಯ ಕಡೆ ತಿರುಗಿದ. “ಇನ್ನ ತಕ್ಕಡಿ ಮುಟ್ಟಿದ್ರ ತವರಮನಿಗೆ ಕಳಸ್ತೇನಿ, ನೋಡ್ ಬೇ!”

ಅಂದಿನಿಂದ ಅವಳಿಗೆ ಚೀಲ ಹೊರುವ ಕೆಲಸ. ಚೀಲದ ಹಿಂದೆಯೇ ನಡೆಯುತ್ತ ಹೇಳಿದೆ, “ಅಕ್ಕಾ, ತಪ್ಪಾತು.”

“ನಿನ್ನ ತಪ್ಪು ತಗೊಂಡು ಹಲ್ಲು ತಿಕ್ಕಲೇನು? ಆ ಡಬ್ಬಿ ತಗೊಂಡು ಜೇವರ್ಗಿ ಸಿಂದಿ ಅಂಗಡಿಗೆ ಹೋಗು. ಸಿಂದಿ ಬಿಟ್ಟೇನಿ ಅಂತ ಮಾವಾರು ಅತ್ತಿ ಮುಂದ ಆಣಿ ಮಾಡ್ಯಾರ.”

ಹೋದೆ, ವಿನಯದಿಂದ ತಲೆ ತಗ್ಗಿಸಿದೆ. ಎರಡೂ ಕೈಯಲ್ಲಿ ಮಗೆ, ಮುಚ್ಚಿದ ಕಣ್ಣು, ಮೀಸೆ ತುಂಬ ಹೆಂಡದ ನೊರೆ. ದೇವರ ಮುಂದೆ ಕೂಡ ಆ ಮುದುಕ ಅಷ್ಟು ಭಕ್ತಿಯಿಂದ ನಿಂತಿರಲಾರ.

ಮುಂದಿನ ಆಳಂದದ ಸಂತೆಯಲ್ಲಿ ಚಿತ್ರವನ್ನು ಅವಳಿಗೆ ಕೊಟ್ಟೆ. ಅವಳು ಅದನ್ನು ಮಾವನ ಎದುರು ಹಿಡಿದಳು.

“ಮಾವಾರ, ಎಷ್ಟು ಛಂದ ಬಂದೀರಿ! ಅತ್ತಿಯವರಿಗೆ ತೋರಸ್ಲೇನ್ರಿ?”

ಮುದುಕ ತಕ್ಕಡಿಯನ್ನು ಅವಳ ಕಡೆ ಸರಿಸಿದ.

ಎರಡನೆಯದೂ ಕಳವೇ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮೊದಲನೆಯದು ಈ ವಯಸ್ಸಿನಲ್ಲೂ ಚುಚ್ಚುತ್ತದೆ.

ಅಂದು ನಾನೂ ಅರ್ಧ ಸೇರು ಮೆಣಸಿನಕಾಯಿ ಕೇಳಿದೆ. ನನಗಿಂತ ಮುಂದಿದ್ದ ಕೂಲಿ ಹೆಂಗಸಿಗೆ ತೂಗುವಾಗ ಹೆಬ್ಬೆರಳು ಸೀರೆಯಂಚಿನಿಂದ ಇಣುಕಿತು. ನನ್ನ ಸರದಿ ಬಂದಾಗ ಅವಳು ಕಾಲು ಮಡಚಿ ಕೂತು, ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಒಂದೊಂದೇ ಕಾಯಿ ವಾಪಸು ತೆಗೆದಳು.